ಹಾಡುವ ಕುಟುಂಬದ ಸ್ಕೀ ಲಾಡ್ಜ್ ಮೂರು ತಲೆಮಾರು ಉಳಿದದ್ದು ಹೇಗೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ವರ್ಮಾಂಟ್ ರಾಜ್ಯದ ಸ್ಟೋವ್ ಎಂಬ ಊರಿನ ಟ್ರ್ಯಾಪ್ ಫ್ಯಾಮಿಲಿ ಲಾಡ್ಜ್‌ನಲ್ಲಿ ಉಳಿದುಕೊಂಡಿದ್ದೆವು. ಹಿಂದೆ ಒಂದು ಹಾಲಿವುಡ್ ಸಿನಿಮಾಕ್ಕೆ ಕಥೆಯಾದ ಹಾಡುಗಾರರ ಕುಟುಂಬವೇ ಇಂದಿಗೂ ಅದನ್ನು ನಡೆಸುತ್ತಿದೆ ಎಂದು ತಿಳಿದು ಆಶ್ಚರ್ಯವಾಯಿತು. ಹಾಡುತ್ತಿದ್ದವರು ಸ್ಕೀ ಲಾಡ್ಜ್ ನಡೆಸುವವರಾದದ್ದು ಹೇಗೆ? ಸಿನಿಮಾದಿಂದ ಬಂದ ಹಣದಲ್ಲೇ ಅದನ್ನು ಕಟ್ಟಿದರೇ? ಚಿಕ್ಕಮಗಳೂರು ಜಿಲ್ಲೆಯ ನಮ್ಮ ಕಾಫಿ ತೋಟದಲ್ಲಿ ನಾವೂ ಹೋಂಸ್ಟೇ ನಡೆಸುತ್ತೇವೆ, ಮೂವರು ಮಕ್ಕಳಿದ್ದಾರೆ. ಇಂಥದೊಂದು ವಹಿವಾಟು ಇಷ್ಟು ವರ್ಷ ಒಂದೇ ಕುಟುಂಬದ ಕೈಯಲ್ಲಿ ಉಳಿದದ್ದು ಹೇಗೆ ಎಂಬುದನ್ನು ವಿವರವಾಗಿ ತಿಳಿಸಬೇಕು.

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದೆರಡನ್ನು ಬಿಡಿಸಲು ಅದು ತಿಳಿದಿರಬೇಕು. ಸಿನಿಮಾದ ಹಣದಿಂದ ಆ ಲಾಡ್ಜ್ ಎದ್ದದ್ದಲ್ಲ. ‘ದಿ ಸೌಂಡ್ ಆಫ್ ಮ್ಯೂಸಿಕ್’ ತೆರೆಗೆ ಬಂದದ್ದು 1965ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲೇ, 1950ರಲ್ಲಿ, ಆ ಮನೆ ಅತಿಥಿಗಳಿಗೆ ಬಾಗಿಲು ತೆರೆದಿತ್ತು. ಸಿನಿಮಾ ಹೆಸರು ಕೊಟ್ಟಿತು, ಜನರನ್ನೂ ಕರೆತಂದಿತು. ಆದರೆ ಲಾಡ್ಜನ್ನು ಉಳಿಸಿದ್ದು 1942ರಲ್ಲಿ ಕೊಂಡ ಗುಡ್ಡದ ಜಮೀನು, ಮತ್ತು ಆ ಜಮೀನನ್ನು ಮಾರದೆ ಅದರಿಂದಲೇ ಬದುಕಲು ಕುಟುಂಬದ ಕಿರಿಯ ಮಗ 1968ರ ಹೊತ್ತಿಗೆ ಕಂಡುಕೊಂಡ ದಾರಿ ಎಂಬುದು ಈ ಇತಿಹಾಸವನ್ನು ಬಹುಕಾಲದಿಂದ ಗಮನಿಸಿಕೊಂಡು ಬಂದ ನನ್ನ ದೃಢವಾದ ಅಭಿಪ್ರಾಯ.

ಕುಟುಂಬದ ಆಸ್ಟ್ರಿಯಾದ ದಿನಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಲಾಡ್ಜಿಗೆ ಸಂಬಂಧಿಸಿದ ಸಂಗತಿ ಒಂದೇ ಒಂದಿದೆ. ಗೇಯೋರ್ಗ್ ಫಾನ್ ಟ್ರ್ಯಾಪ್ ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿಯ ನೌಕಾಪಡೆಯ ಜಲಾಂತರ್ಗಾಮಿಯ ಕಮಾಂಡರ್ ಆಗಿದ್ದವರು. ಮೊದಲ ಹೆಂಡತಿ 1922ರಲ್ಲಿ ತೀರಿಕೊಂಡಾಗ ಏಳು ಮಕ್ಕಳಿದ್ದರು. ಆ ಮಕ್ಕಳಲ್ಲಿ ಒಬ್ಬಳಿಗೆ ಪಾಠ ಹೇಳಲು ಸಾಲ್ಜ್‌ಬರ್ಗ್‌ನ ಸನ್ಯಾಸಿನಿಯರ ಮಠದಿಂದ ಬಂದ ಮರಿಯಾ 1927ರಲ್ಲಿ ಅವರನ್ನು ಮದುವೆಯಾದರು. 1930ರ ದಶಕದಲ್ಲಿ ಹಣವಿಟ್ಟಿದ್ದ ಬ್ಯಾಂಕು ಮುಳುಗಿ ಆಸ್ತಿಯ ಬಹುಪಾಲು ಹೋಯಿತು. ಆಗ ಅವರು ಆಳುಕಾಳುಗಳನ್ನು ಬಿಡಿಸಿ, ತಾವು ಮನೆಯ ಮೇಲಂತಸ್ತಿಗೆ ಏರಿ, ಕೆಳಗಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಅಂದರೆ ಮನೆಯನ್ನೇ ಅತಿಥಿಗೃಹವಾಗಿಸುವ ಪಾಠ ಈ ಕುಟುಂಬಕ್ಕೆ ಅಮೆರಿಕಕ್ಕೆ ಬರುವ ಮೊದಲೇ ಆಗಿತ್ತು. ಹಾಡುಗಾರಿಕೆ ಮನೆಯ ಸಂತೋಷದಿಂದ ಹೊರಬಂದು ಸಂಪಾದನೆಯ ದಾರಿಯಾದದ್ದೂ ಆಗಲೇ. 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅವರು ದೇಶ ಬಿಟ್ಟರು. ಸಿನಿಮಾದಲ್ಲಿ ತೋರಿಸುವಂತೆ ಬೆಟ್ಟ ಹತ್ತಿ ಸ್ವಿಟ್ಜರ್ಲೆಂಡಿಗೆ ಇಳಿಯಲಿಲ್ಲ. ಹಗಲು ಹೊತ್ತಿನಲ್ಲೇ ರೈಲು ಹತ್ತಿ ಇಟಲಿಗೆ ಹೋದರು. ಗೇಯೋರ್ಗ್ ಹುಟ್ಟಿದ ಜಾರಾ ಪಟ್ಟಣ ಮಹಾಯುದ್ಧದ ನಂತರ ಇಟಲಿಗೆ ಸೇರಿದ್ದರಿಂದ ಅವರು ಆ ದೇಶದ ಪ್ರಜೆಯಾಗಿದ್ದರು, ಆದ್ದರಿಂದ ಗಡಿ ದಾಟುವುದು ಕಷ್ಟವಾಗಲಿಲ್ಲ. ಅಲ್ಲಿಂದ ಲಂಡನ್ ದಾಟಿ ಹಡಗಿನಲ್ಲಿ ಅಮೆರಿಕ ಸೇರಿದರು. ಹತ್ತನೆಯ ಮಗು ಯೋಹಾನೆಸ್ ಹುಟ್ಟಿದ್ದು 1939ರ ಜನವರಿಯಲ್ಲಿ, ಫಿಲಡೆಲ್ಫಿಯಾದಲ್ಲಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅವರ ಸುತ್ತಲೇ ನಡೆಯುತ್ತದೆ.

ಇನ್ನು ಸ್ಟೋವ್. ಟ್ರ್ಯಾಪ್ ಕುಟುಂಬ ಆ ಊರಿಗೆ ಸ್ಕೀಯಿಂಗ್ ತಂದಿತು ಎಂದು ಭಾವಿಸುವವರಿದ್ದಾರೆ, ನಡೆದದ್ದು ಬೇರೆ. ಅವರು ಬರುವ ಹೊತ್ತಿಗೆ ಅಲ್ಲಿ ಹಿಮದ ವ್ಯಾಪಾರ ಆಗಲೇ ಬೇರುಬಿಟ್ಟಿತ್ತು. ವರ್ಮಾಂಟ್‌ನ ಅತಿ ಎತ್ತರದ ಶಿಖರವಾದ, 4,393 ಅಡಿ ಎತ್ತರದ ಮೌಂಟ್ ಮ್ಯಾನ್ಸ್‌ಫೀಲ್ಡ್ ಇರುವುದು ಅಲ್ಲೇ. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಕೂಲಿ ಕೊಡಲು ಸರಕಾರ ಕಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆಯವರು 1933ರಿಂದ ಆ ಬೆಟ್ಟದ ಕಾಡಿನಲ್ಲಿ ಮರ ಕಡಿದು, ಬಂಡೆ ಸರಿಸಿ, ಸ್ಕೀ ಜಾಡುಗಳನ್ನು ತೆರೆದರು. 1934ರಲ್ಲಿ ಅದೇ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಒಂದು ಹೊಲದ ಇಳಿಜಾರಿನ ಮೇಲೆ ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್‌ಗೆ ಹಗ್ಗ ಸುತ್ತಿ, ಸ್ಕೀ ಕಟ್ಟಿಕೊಂಡವರು ಆ ಹಗ್ಗ ಹಿಡಿದು ಮೇಲೇರುವ ವ್ಯವಸ್ಥೆ ಮಾಡಿದರು. ಅಮೆರಿಕದಲ್ಲಿ ಅದೇ ಮೊದಲನೆಯದು. 1936ರಲ್ಲಿ ಆಸ್ಟ್ರಿಯಾದ ಲಿಂಜ್ ಕಡೆಯ ಸೆಪ್ ರುಷ್ಪ್ ಸ್ಟೋವ್‌ಗೆ ಬಂದು ಸ್ಕೀ ಶಾಲೆ ಆರಂಭಿಸಿದರು. 1940ರಲ್ಲಿ ಬೆಟ್ಟಕ್ಕೆ ಕುರ್ಚಿಗಳ ಲಿಫ್ಟ್ ಬಂತು.

ಇದರಿಂದ ಊರಿನ ರೈತರಿಗೆ ಏನಾಯಿತು ಎಂಬುದನ್ನು ಗಮನಿಸಬೇಕು. ವರ್ಮಾಂಟ್‌ನ ಗುಡ್ಡಗಾಡಿನ ಹೈನುಗಾರರಿಗೆ ಚಳಿಗಾಲವೆಂದರೆ ಆದಾಯವಿಲ್ಲದ, ಖರ್ಚು ಮಾತ್ರ ಇರುವ ಕಾಲ. ಬಾಸ್ಟನ್, ನ್ಯೂಯಾರ್ಕ್ ಕಡೆಯಿಂದ ವಾರಾಂತ್ಯದಲ್ಲಿ ರೈಲಿನಲ್ಲಿ ಬಂದಿಳಿಯುವ ಸ್ಕೀಗರಿಗೆ ಮಲಗಲು ಜಾಗ ಬೇಕು, ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ಬೇಕು, ಒದ್ದೆ ಬಟ್ಟೆ ಒಣಗಿಸಲು ಒಲೆಯ ಬಳಿ ಒಂದಿಷ್ಟು ಸ್ಥಳ ಬೇಕು. ಮನೆಯ ಹೆಂಗಸರು ಅಟ್ಟದ ಕೋಣೆಗಳಲ್ಲಿ ಹಾಸಿಗೆ ಹಾಕಿಕೊಟ್ಟರು, ಅದೇ ಅಲ್ಲಿನ ಸ್ಕೀ ಲಾಡ್ಜ್‌ಗಳ ಮೂಲ. ತೋಟದ ಮನೆಯಲ್ಲಿ ಹೋಂಸ್ಟೇ ತೆರೆದಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಂಗೀತ ಯಾತ್ರೆಗಳ ನಡುವೆ ವಿಶ್ರಾಂತಿಗೆಂದು ಸ್ಟೋವ್‌ಗೆ ಬಂದ ಕುಟುಂಬಕ್ಕೆ ಆ ಊರಿನ ಬೆಟ್ಟಸಾಲು ಆಸ್ಟ್ರಿಯಾದ ನೆನಪು ತಂದಿತು. 1942ರಲ್ಲಿ ಲೂಸ್ ಹಿಲ್ ಎಂಬ ಗುಡ್ಡದ ಮೇಲೆ ಆರುನೂರಕ್ಕೂ ಹೆಚ್ಚು ಎಕರೆಯ ಹಳೆಯ ಹೊಲಮನೆಯೊಂದನ್ನು ಕೊಂಡರು. ದೃಶ್ಯ ಚೆಲುವಾಗಿತ್ತು, ಮನೆ ಶಿಥಿಲವಾಗಿತ್ತು, ಕೈಯಲ್ಲಿ ಹಣ ಕಡಿಮೆ ಇತ್ತು. ಕುಟುಂಬದವರೇ ಸೇರಿ ಹೊಸ ಮನೆ ಕಟ್ಟಿದರು. ಅದಕ್ಕೆ ಒಂದೇ ಹೃದಯ ಎಂಬ ಅರ್ಥದ ‘ಕೋರ್ ಊನುಂ’ ಎಂಬ ಲ್ಯಾಟಿನ್ ಹೆಸರಿಟ್ಟರು. ಹಿರಿಯ ಗಂಡುಮಕ್ಕಳಾದ ರೂಪರ್ಟ್ ಮತ್ತು ವೆರ್ನರ್ ಇಬ್ಬರೂ ಅಮೆರಿಕದ ಸೇನೆ ಸೇರಿ, ಹಿಮದಲ್ಲಿ ಸ್ಕೀ ಮೇಲೆ ಹೋರಾಡಲು ತರಬೇತಿ ಪಡೆದ ಹತ್ತನೆಯ ಪರ್ವತ ದಳದಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ಮೇಲೆ ಆ ದಳದಿಂದ ಹಿಂದಿರುಗಿದವರಲ್ಲಿ ಅನೇಕರು ಅಮೆರಿಕದುದ್ದಕ್ಕೂ ಸ್ಕೀ ಕೇಂದ್ರಗಳನ್ನು ಕಟ್ಟಿದರು, ಕೊಲೊರಾಡೊದ ವೇಲ್ ಅದರಲ್ಲಿ ಒಂದು.

1944ರಲ್ಲಿ, ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನವರು ಬಿಟ್ಟುಹೋಗಿದ್ದ ಶಿಬಿರದಲ್ಲಿ ಕುಟುಂಬ ಬೇಸಿಗೆಯ ಸಂಗೀತ ಶಿಬಿರ ಆರಂಭಿಸಿತು. ಬಂದವರು ಹಾಡು ಕಲಿತರು, ಜೊತೆಗೆ ಕುಟುಂಬದವರೂ ಒಂದು ವಿದ್ಯೆ ಕಲಿತರು: ಪರಸ್ಥಳದಿಂದ ಬಂದ ಅಪರಿಚಿತರಿಗೆ ಊಟ, ವಸತಿ, ದಿನಚರಿ ಒದಗಿಸುವ ವಿದ್ಯೆ. ಚಳಿಗಾಲದಲ್ಲಿ ಹಾಡಲು ಊರೂರು ಸುತ್ತುವಾಗ ಮನೆ ಖಾಲಿ ಇರುತ್ತಿತ್ತು, ಅದೇ ಸಮಯದಲ್ಲಿ ಸ್ಕೀಗರು ಕೋಣೆ ಹುಡುಕುತ್ತಿದ್ದರು. ಕೋಣೆಗಳನ್ನು ಬಾಡಿಗೆಗೆ ಕೊಟ್ಟದ್ದು ಹೀಗೆ. ಇದರಲ್ಲಿ ಯಾವ ದೊಡ್ಡ ಯೋಜನೆಯೂ ಇರಲಿಲ್ಲ. ಗೇಯೋರ್ಗ್ 1947ರಲ್ಲಿ ತೀರಿಕೊಂಡರು, ಅವರ ಸಮಾಧಿ ಲಾಡ್ಜಿನ ಪಕ್ಕದ ಪುಟ್ಟ ಸ್ಮಶಾನದಲ್ಲಿದೆ, ನೀವು ನೋಡಿರಬಹುದು. 1950ರಲ್ಲಿ ಇಪ್ಪತ್ತೇಳು ಕೋಣೆಗಳ ಲಾಡ್ಜ್ ಆಗಿ ಮನೆ ಅತಿಥಿಗಳಿಗೆ ತೆರೆದುಕೊಂಡಿತು. 1950ರ ದಶಕದ ನಡುವೆ ಮಕ್ಕಳು ಬೆಳೆದು, ಮದುವೆಯಾಗಿ, ತಂತಮ್ಮ ದಾರಿ ಹಿಡಿದಾಗ ಹಾಡಿನ ತಂಡ ಮುಗಿಯಿತು. ಉಳಿದದ್ದು ಜಮೀನು ಮತ್ತು ಲಾಡ್ಜ್.

ಈಗ ಹಣದ ಮಾತು. ಮರಿಯಾ ಬರೆದ ಕುಟುಂಬದ ಕಥೆಯ ಪುಸ್ತಕ 1949ರಲ್ಲಿ ಪ್ರಕಟವಾಗಿತ್ತು. 1950ರ ದಶಕದಲ್ಲಿ ಜರ್ಮನ್ ನಿರ್ಮಾಪಕರು ಅದರ ಚಿತ್ರೀಕರಣದ ಹಕ್ಕನ್ನು ಕೇಳಿ ಬಂದಾಗ ಅವರು 9,000 ಡಾಲರ್‌ಗೆ, ಒಂದೇ ಗಂಟಿಗೆ, ಕೊಟ್ಟುಬಿಟ್ಟರು. ಮುಂದಿನ ಲಾಭದಲ್ಲಿ ಪಾಲು ಉಳಿಸಿಕೊಳ್ಳಲಿಲ್ಲ. ಆ ಹಕ್ಕೇ ಕೈದಾಟಿ ಹೋಗಿ 1959ರ ಬ್ರಾಡ್‌ವೇ ಸಂಗೀತ ನಾಟಕವಾಯಿತು, ಆಮೇಲೆ ಸಿನಿಮಾ ಆಯಿತು. ನಾಟಕದವರು ಸೌಜನ್ಯದಿಂದ ಮರಿಯಾಗೆ ರಾಯಧನದ ಪಾಲೊಂದನ್ನು ಕೊಟ್ಟರು: ಶೇಕಡಾ ಒಂದನ್ನು ಎಂಟು ಭಾಗ ಮಾಡಿ, ಅದರಲ್ಲಿ ಮೂರು ಭಾಗ. ಜಗತ್ತಿನ ಮೂಲೆಮೂಲೆಯಲ್ಲಿ ನೋಡಿದ ಸಿನಿಮಾದ ಹಿಂದಿನ ಕುಟುಂಬಕ್ಕೆ ಆ ಮಾರ್ಗದಿಂದ ಬಂದದ್ದು ಅಷ್ಟೇ. ಲಾಡ್ಜ್ ಸಿನಿಮಾದ ಹಣದಿಂದ ಎದ್ದಿತು ಎಂಬ ಮಾತನ್ನು ಎಲ್ಲಿ ಕೇಳಿದರೂ ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಸಿನಿಮಾ ತಂದದ್ದು ಬೇರೆ ಬಗೆಯ ಸಂಪತ್ತು, ಅದರ ಜೊತೆಗೆ ಬೇರೆ ಬಗೆಯ ಭಾರ. 1965ರ ನಂತರ ಜನ ಸಾಲುಸಾಲಾಗಿ ಬಂದರು. ಆಸ್ಟ್ರಿಯಾದ ಸಾಂಪ್ರದಾಯಿಕ ಉಡುಪು ತೊಟ್ಟು ಮರಿಯಾ ಅವರನ್ನು ಎದುರುಗೊಳ್ಳುತ್ತಿದ್ದರು, ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು, ಮಾತಾಡಿಸುತ್ತಿದ್ದರು. ಆದರೆ ಹೀಗೆ ಬಂದವರಲ್ಲಿ ಬಹುಮಂದಿ ನೋಡಲು ಬಂದವರು, ತಂಗಲು ಬಂದವರಲ್ಲ. ಅವರು ಬರುತ್ತಿದ್ದುದು ಬೇಸಿಗೆಯಲ್ಲಿ, ಎಲೆಗಳು ಕೆಂಪಾಗುವ ಶರತ್ಕಾಲದಲ್ಲಿ. ಚಳಿಗಾಲದ ವಾರದ ದಿನಗಳಲ್ಲಿ ಕೋಣೆ ತುಂಬಿಸುವ ಪ್ರಶ್ನೆ ಹಾಗೆಯೇ ಉಳಿಯಿತು. ಅಲ್ಲದೆ ಮರಿಯಾ ಧಾರಾಳಿ, ಛಲಗಾರ್ತಿ, ಜನರನ್ನು ಸೆಳೆಯಬಲ್ಲ ವ್ಯಕ್ತಿತ್ವದವರು. ಲೆಕ್ಕಪುಸ್ತಕ ಅವರ ಕ್ಷೇತ್ರವಾಗಿರಲಿಲ್ಲ. 1960ರ ದಶಕದ ಕೊನೆಗೆ ಲಾಡ್ಜಿನ ಹೆಸರು ದೊಡ್ಡದಾಗಿತ್ತು, ಹಣಕಾಸು ಹದಗೆಟ್ಟಿತ್ತು.

ಇಲ್ಲಿ ಯೋಹಾನೆಸ್ ಬರುತ್ತಾರೆ. ಡಾರ್ಟ್‌ಮತ್ ಕಾಲೇಜಿನಲ್ಲಿ ಇತಿಹಾಸ ಓದಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದವರು. ಲಾಡ್ಜಿನ ವ್ಯವಹಾರವನ್ನು ಒಂದು ಹದಕ್ಕೆ ತಂದು ತಮ್ಮ ದಾರಿ ನೋಡಿಕೊಳ್ಳೋಣವೆಂದು ಮನೆಗೆ ಬಂದವರು ಅಲ್ಲೇ ನಿಂತರು. ಅವರು ಅರಣ್ಯ ಓದಿದವರಾಗಿದ್ದುದು ಈ ಕಥೆಯಲ್ಲಿ ಆಕಸ್ಮಿಕ ವಿವರವಲ್ಲ. ಪಕ್ಕದಲ್ಲೇ ಮೌಂಟ್ ಮ್ಯಾನ್ಸ್‌ಫೀಲ್ಡ್‌ನ ಲಿಫ್ಟ್‌ಗಳಿದ್ದವು. ಇಳಿಜಾರಿನ ಸ್ಕೀಯಿಂಗ್‌ನಲ್ಲಿ ಅವರೊಂದಿಗೆ ಪೈಪೋಟಿ ಮಾಡಲು ಬಂಡವಾಳವೂ ಇರಲಿಲ್ಲ, ಜಮೀನಿನಲ್ಲಿ ಅಷ್ಟು ಕಡಿದಾದ ಎತ್ತರವೂ ಇರಲಿಲ್ಲ. ಇದ್ದದ್ದು ಏರಿಳಿತದ ಹುಲ್ಲುಗಾವಲು, ಮೇಪಲ್ ಮತ್ತು ಬರ್ಚ್ ಮರಗಳ ಕಾಡು, ಆ ಕಾಡಿನೊಳಗೆ ದಿಮ್ಮಿ ಎಳೆಯಲು ಮಾಡಿದ್ದ ಹಳೆಯ ದಾರಿಗಳು. ಈ ದಾರಿಗಳನ್ನೇ ಜಾಡು ಮಾಡಿ, 1968ರಲ್ಲಿ ಅವರು ಕ್ರಾಸ್ ಕಂಟ್ರಿ ಸ್ಕೀ ಕೇಂದ್ರ ತೆರೆದರು. ಹಣ ಪಡೆದು ಸಾರ್ವಜನಿಕರಿಗೆ ಇಂಥ ಸೌಲಭ್ಯ ಕೊಡುವ ಕೇಂದ್ರ ಅಮೆರಿಕದಲ್ಲಿ ಅದೇ ಮೊದಲನೆಯದೆಂದು ಗುರುತಿಸಲಾಗುತ್ತದೆ.

ಇದು ಏಕೆ ಜಾಣ ನಿರ್ಧಾರವಾಗಿತ್ತು ಎಂಬುದು ತಿಳಿಯಬೇಕಾದರೆ ಎರಡು ಬಗೆಯ ಸ್ಕೀಯಿಂಗ್‌ನ ವ್ಯತ್ಯಾಸ ತಿಳಿದಿರಬೇಕು. ಇಳಿಜಾರಿನ ಸ್ಕೀಯಿಂಗ್‌ನಲ್ಲಿ ಗಟ್ಟಿ ಬೂಟು ಹಿಮ್ಮಡಿಯ ಸಮೇತ ಹಲಗೆಗೆ ಬಿಗಿದುಕೊಂಡಿರುತ್ತದೆ; ಯಂತ್ರ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ, ನೀವು ಕೆಳಕ್ಕೆ ಜಾರುತ್ತೀರಿ. ಅದಕ್ಕೆ ಲಿಫ್ಟು ಬೇಕು, ಅದನ್ನು ನಡೆಸುವ ವಿದ್ಯುತ್ತು ಮತ್ತು ಸಿಬ್ಬಂದಿ ಬೇಕು, ಬೆಟ್ಟದ ಮೈಯನ್ನು ಅಗಲವಾಗಿ ಬೋಳಿಸಬೇಕು, ಬಂಡೆ ಮುಚ್ಚುವಷ್ಟು ದಪ್ಪ ಹಿಮ ಬೇಕು. ಕ್ರಾಸ್ ಕಂಟ್ರಿಯಲ್ಲಿ ಹಗುರವಾದ ಬೂಟಿನ ತುದಿ ಮಾತ್ರ ಹಲಗೆಗೆ ಸಿಕ್ಕಿಕೊಂಡಿರುತ್ತದೆ, ಹಿಮ್ಮಡಿ ಎದ್ದಾಡುತ್ತದೆ. ಮನುಷ್ಯ ತನ್ನ ಕಾಲ ಮೇಲೆಯೇ ಏರಿಯನ್ನೂ ಹತ್ತುತ್ತಾನೆ, ಸಮತಟ್ಟನ್ನೂ ದಾಟುತ್ತಾನೆ. ಒಂದು ಯಂತ್ರ ಹಿಮವನ್ನು ಒತ್ತಿ, ಅದರಲ್ಲಿ ಹಲಗೆಗಳು ಕೂರುವಂತೆ ಎರಡು ಸಮಾನಾಂತರ ಗೆರೆಗಳನ್ನು ಕೊರೆದುಕೊಂಡು ಹೋದರೆ ಜಾಡು ಸಿದ್ಧ. ಕಲ್ಲು ಕೊರಡು ತೆಗೆದು ಹುಲ್ಲು ಬೆಳೆಸಿದ ದಾರಿಯಾದರೆ ಒಂದು ಗೇಣು ಹಿಮವಿದ್ದರೂ ಸಾಕು. ಕಾಡನ್ನು ಕಡಿಯಬೇಕಾಗಿಲ್ಲ, ಬದಲಿಗೆ ಕಾಡು ಇದ್ದರೇ ಚೆನ್ನ, ಏಕೆಂದರೆ ಮರಗಳ ನೆರಳಿನಲ್ಲಿ ಹಿಮ ಬೇಗ ಕರಗುವುದಿಲ್ಲ, ಗಾಳಿಯೂ ತಡೆಯುತ್ತದೆ.

ಹೀಗೆ ಮರ ಬೆಳೆಸುವ ಜಮೀನು, ಮರವನ್ನು ಕಡಿಯದೆಯೇ, ಚಳಿಗಾಲದಲ್ಲಿ ಆದಾಯ ಕೊಡುವ ಜಮೀನಾಯಿತು. ಬೇಲಿಯ ಆಚೆಯ ಹೊಲವನ್ನೂ ಸೇರಿಸಿಕೊಂಡರೆ ಜಾಡು ಉದ್ದವಾಗುತ್ತದೆ, ಹಾಗಾಗಿ ಜಮೀನನ್ನು ಹೆಚ್ಚಿಸಿಕೊಳ್ಳುವುದಕ್ಕೆ ಒಂದು ಕಾರಣವೂ ಸಿಕ್ಕಿತು. ಆರುನೂರು ಚಿಲ್ಲರೆ ಎಕರೆ ಇದ್ದದ್ದು ಇಂದು ಸುಮಾರು 2,500 ಎಕರೆ ಆಗಿದೆ. ಜಾಡುಗಳ ಒಟ್ಟು ಉದ್ದ ಸುಮಾರು 100 ಕಿಲೋಮೀಟರ್. ಅದರಲ್ಲಿ ಅರುವತ್ತರಷ್ಟು ಯಂತ್ರದಿಂದ ಹದಗೊಳಿಸಿದ್ದು, ಉಳಿದದ್ದು ಕಾಡಿನಲ್ಲಿ ಹೇಗಿದೆಯೋ ಹಾಗೆ ಬಿಟ್ಟದ್ದು. 1976ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ವರ್ಮಾಂಟ್‌ನವರೇ ಆದ ಬಿಲ್ ಕೋಕ್ 30 ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಾಗ ಅಮೆರಿಕದಲ್ಲಿ ಈ ಆಟದ ಮೇಲೆ ಜನರ ಗಮನ ಹರಿಯಿತು. ಆಗ ಲೂಸ್ ಹಿಲ್‌ನ ಕೇಂದ್ರಕ್ಕೆ ಎಂಟು ವರ್ಷದ ಅನುಭವವಾಗಿತ್ತು.

ಜಾಡಿನ ಮೇಲ್ತುದಿಯಲ್ಲಿ, ಕೇಂದ್ರದಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಸ್ಲೇಟನ್ ಪಾಶ್ಚರ್ ಎಂಬ ಹಳೆಯ ಮೇವಿನ ಬಯಲಿನ ಅಂಚಿಗೆ ಮರದ ದಿಮ್ಮಿಗಳ ಒಂದು ಗುಡಿಸಲಿದೆ. ಅಲ್ಲಿಗೆ ಹೋಗುವ ದಾರಿಯ ಬಹುಪಾಲು ಏರಿ. ಒಳಗೆ ಬೆಂಕಿ ಉರಿಯುತ್ತಿರುತ್ತದೆ, ಬಿಸಿ ಸೂಪು, ಬಿಸಿ ಚಾಕೊಲೇಟ್ ಸಿಗುತ್ತದೆ, ಬೆವರಿದ ಕೈಗವಸುಗಳನ್ನು ಜನ ಒಲೆಯ ಬಳಿ ಒಣಗಲು ಇಡುತ್ತಾರೆ. ಊಟದ ಮನೆಯನ್ನು ರಸ್ತೆ ಪಕ್ಕದಲ್ಲಿ ಇಡದೆ ಕಾಡಿನ ಮೇಲ್ತುದಿಯಲ್ಲಿ ಇಟ್ಟದ್ದರಿಂದ, ಗುರಿಯಿಲ್ಲದೆ ಸುತ್ತುವವನಿಗೂ ತಲುಪಲೇಬೇಕೆನ್ನಿಸುವ ಒಂದು ಜಾಗ ಸಿಕ್ಕಿತು. ಅತಿಥಿಗಳ ದಿನವನ್ನು ಹೇಗೆ ಹೆಣೆಯಬೇಕು ಎಂದು ಬಲ್ಲವರ ಕೆಲಸವಿದು. ಲಾಡ್ಜಿನ ಇಡೀ ಆವರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗುವ ವ್ಯವಸ್ಥೆಯೂ ಇದೇ.

1980ರ ಡಿಸೆಂಬರ್ 20ರಂದು, ಕ್ರಿಸ್‌ಮಸ್‌ಗೆ ಐದು ದಿನ ಇರುವಾಗ, ಹಳೆಯ ಲಾಡ್ಜ್ ಬೆಂಕಿಗೆ ಆಹುತಿಯಾಯಿತು. ಕಟ್ಟಡ ಮರದ್ದು, ಚಳಿ ಅತಿ ತೀವ್ರವಾಗಿತ್ತು. ಒಬ್ಬ ಅತಿಥಿ ಪ್ರಾಣ ಕಳೆದುಕೊಂಡರು. ಮರಿಯಾ ಸೇರಿದಂತೆ ಉಳಿದವರು ಹೊರಬಂದರು. ಕುಟುಂಬ ತನ್ನ ಕೈಯಾರೆ ಕಟ್ಟಿ, ಹಾಡಿ, ಗೇಯೋರ್ಗ್ ಅವರನ್ನು ಕಳೆದುಕೊಂಡ ಮನೆ ಇಲ್ಲವಾಯಿತು. ವಹಿವಾಟಿನ ದೃಷ್ಟಿಯಿಂದ ನೋಡಿದರೂ ಅದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ, ಏಕೆಂದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಯಾವುದೇ ಸ್ಕೀ ಲಾಡ್ಜಿಗೆ ವರ್ಷದ ಸುಗ್ಗಿ. ಆದರೆ ಸುಟ್ಟದ್ದು ಕಟ್ಟಡ, ಜಾಡುಗಳಲ್ಲ. ಸಿನಿಮಾದ ನೆನಪೊಂದನ್ನೇ ನಂಬಿದ ಲಾಡ್ಜ್ ಆಗಿದ್ದರೆ, ಆ ನೆನಪು ಅಂಟಿಕೊಂಡಿದ್ದ ಮನೆ ಹೋದ ಮೇಲೆ ಮತ್ತೆ ಏಳಲು ಕಾರಣವೇ ಇರುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ. ಮೂರು ವರ್ಷದ ನಂತರ, 1983ರ ಕೊನೆಗೆ, ತೊಂಬತ್ತಕ್ಕೂ ಹೆಚ್ಚು ಕೋಣೆಗಳ ಹೊಸ ಲಾಡ್ಜ್ ಅದೇ ಗುಡ್ಡದ ಮೇಲೆ ಸಿದ್ಧವಾಯಿತು. ನೀವು ತಂಗಿದ್ದು ಇದರಲ್ಲಿ. ಕಡಿದಾದ ಚಾವಣಿ, ಮರದ ಮೊಗಸಾಲೆಗಳು ಆಸ್ಟ್ರಿಯಾದ ಬೆಟ್ಟದೂರುಗಳ ಮನೆಗಳಂತೆಯೇ ಇವೆ. ಲಾಡ್ಜಿನ ಜೊತೆಗೆ, ವರ್ಷದ ಇಂತಿಷ್ಟು ವಾರಗಳ ಹಕ್ಕನ್ನು ಮುಂಗಡವಾಗಿ ಮಾರುವ ಪದ್ಧತಿಯ ಅತಿಥಿಮನೆಗಳೂ ಅದೇ ಆವರಣದಲ್ಲಿ ಬೆಳೆದವು. ಜಮೀನನ್ನು ಮಾರದೆ ಬಂಡವಾಳ ಎತ್ತುವುದಕ್ಕೆ ಅದೊಂದು ಮಾರ್ಗ, ಒಮ್ಮೆ ಬಂದವರು ಪ್ರತಿವರ್ಷ ಮರಳಿ ಬರುವಂತೆ ಮಾಡುವುದಕ್ಕೂ ಹೌದು.

ಮರಿಯಾ 1987ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ತೀರಿಕೊಂಡರು. ನಿಮ್ಮ ಮೂರನೆಯ ಪ್ರಶ್ನೆಯ ತಿರುಳು ಇಲ್ಲಿಂದ ಶುರುವಾಗುತ್ತದೆ. ಲಾಡ್ಜ್ ಒಂದು ಕಂಪನಿಯಾಗಿತ್ತು, ಅದರ ಷೇರುಗಳು ಹತ್ತು ಮಕ್ಕಳ ವಿಸ್ತಾರವಾದ ಕುಟುಂಬದಲ್ಲಿ ಹಂಚಿಹೋಗಿದ್ದವು. ಕೆಲವರು ಅಲ್ಲೇ ದುಡಿಯುತ್ತಿದ್ದರು, ಬಹಳಷ್ಟು ಮಂದಿ ಬೇರೆಡೆ ಬದುಕು ಕಟ್ಟಿಕೊಂಡಿದ್ದರು. ದುಡಿಯುವವರಿಗೆ ಲಾಭವನ್ನು ಮತ್ತೆ ಕಟ್ಟಡಕ್ಕೆ, ಜಾಡಿಗೆ ಸುರಿಯುವ ಆಸೆ ಇರುತ್ತದೆ. ದೂರ ಇರುವವರು ತಮ್ಮ ಪಾಲಿನಿಂದ ತಮಗೆ ಏನು ಬಂತು ಎಂದು ಕೇಳುತ್ತಾರೆ. ಎರಡೂ ನ್ಯಾಯವೇ. 1990ರ ದಶಕದ ಮಧ್ಯದಲ್ಲಿ ಯೋಹಾನೆಸ್ ಮತ್ತು ಅವರೊಂದಿಗಿದ್ದವರು ಕಂಪನಿಯನ್ನು ಹೊಸ ಕಂಪನಿಯೊಂದರಲ್ಲಿ ವಿಲೀನಗೊಳಿಸಿ ಒಡೆತನವನ್ನು ಒಂದೆಡೆ ತಂದರು. ಒಪ್ಪದ ಬಂಧುಗಳು ತಮ್ಮ ಷೇರಿಗೆ ಕೊಟ್ಟ ಬೆಲೆ ಕಡಿಮೆಯಾಯಿತೆಂದು ನ್ಯಾಯಾಲಯಕ್ಕೆ ಹೋದರು.

ಆ ಮೊಕದ್ದಮೆ ವರ್ಮಾಂಟ್‌ನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, ತೀರ್ಪು ಬಂದದ್ದು 1999ರಲ್ಲಿ. ಪ್ರಕರಣದ ಹೆಸರೇ ‘ಟ್ರ್ಯಾಪ್ ಫ್ಯಾಮಿಲಿ ಲಾಡ್ಜ್‌ನ 75,629 ಷೇರುಗಳ ವಿಚಾರ’ ಎಂದಿದೆ, ಕಾನೂನು ಓದುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಅಲ್ಲಿನ ಕಾನೂನಿನಂತೆ, ವಿಲೀನವನ್ನು ಒಪ್ಪದ ಅಲ್ಪಸಂಖ್ಯಾತ ಷೇರುದಾರರು ವಿಲೀನವನ್ನು ತಡೆಯಲಾರರು, ಆದರೆ ತಮ್ಮ ಷೇರಿನ ನ್ಯಾಯವಾದ ಬೆಲೆಯನ್ನು ಪಡೆಯುವ ಹಕ್ಕು ಅವರಿಗಿದೆ. ಕಂಪನಿ ನೀಡಿದ್ದಕ್ಕಿಂತ ಹೆಚ್ಚಿನ ಬೆಲೆಯನ್ನು ನ್ಯಾಯಾಲಯ ನಿಗದಿ ಮಾಡಿತು. ಆಸ್ತಿಯನ್ನು ಮಾರಿದ್ದರೆ ಇಷ್ಟು ತೆರಿಗೆ ಬೀಳುತ್ತಿತ್ತು ಎಂದು ಲೆಕ್ಕ ಹಾಕಿ ಬೆಲೆಯನ್ನು ಕೆಳಗಿಳಿಸುವ ವಾದವನ್ನೂ ಅದು ಒಪ್ಪಲಿಲ್ಲ, ಏಕೆಂದರೆ ಮಾರುವ ಉದ್ದೇಶವೇ ಇರಲಿಲ್ಲ. ಈ ಕೊನೆಯ ಅಂಶ ಕುಟುಂಬದ ಜಮೀನಿನ ಮೇಲೆ ವಹಿವಾಟು ನಡೆಸುವ ಎಲ್ಲರಿಗೂ ಮುಖ್ಯ. ಜಮೀನನ್ನು ಎಂದೂ ಮಾರುವುದಿಲ್ಲ ಎಂದು ನಿಶ್ಚಯಿಸಿದವರು ಕೂಡ, ಹೊರಹೋಗುವ ಬಂಧುವಿಗೆ ಆ ಜಮೀನಿನ ಬೆಲೆಗೆ ತಕ್ಕಂತೆ ಹಣ ಎಣಿಸಬೇಕಾಗುತ್ತದೆ. ಆ ಹಣ ದಿನದಿನದ ಸಂಪಾದನೆಯಿಂದ ಅಥವಾ ಸಾಲದಿಂದಲೇ ಬರಬೇಕು. ಒಂದೇ ಹೃದಯ ಎಂದು ಮನೆಗೆ ಹೆಸರಿಟ್ಟವರ ಮಕ್ಕಳು ಮೊಮ್ಮಕ್ಕಳು ಹೀಗೆ ಕೋರ್ಟಿನಲ್ಲಿ ನಿಂತದ್ದು ನೋವಿನ ಸಂಗತಿ. ಆದರೂ ಒಡೆತನ ಒಂದು ಕವಲಿಗೆ ಸೇರದೆ ಹೋಗಿದ್ದರೆ ಆಸ್ತಿ ತುಂಡಾಗಿ ಮಾರಾಟವಾಗುವ ಸಾಧ್ಯತೆಯೇ ಹೆಚ್ಚಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ನಡೆಸುತ್ತಿರುವವರಲ್ಲಿ ಯೋಹಾನೆಸ್ ಅವರ ಮಕ್ಕಳಾದ ಸ್ಯಾಮ್ ಮತ್ತು ಕ್ರಿಸ್ಟೀನಾ ಮುಖ್ಯರು. ಸ್ಯಾಮ್ ಕೆಲವು ವರ್ಷ ಆಸ್ಪೆನ್‌ನಲ್ಲಿ ಸ್ಕೀ ಕಲಿಸಿ ಮನೆಗೆ ಮರಳಿದವರು. ಈ ತಲೆಮಾರಿನ ದೊಡ್ಡ ಸವಾಲು ಹಿಮವೇ. ನ್ಯೂ ಇಂಗ್ಲೆಂಡ್‌ನ ಚಳಿಗಾಲ ಮೊದಲಿನಂತೆ ಖಾತ್ರಿಯಾಗಿಲ್ಲ. ಡಿಸೆಂಬರ್‌ನಲ್ಲಿ ಮಳೆ ಬಂದು ಬಿದ್ದ ಹಿಮವೂ ತೊಳೆದುಹೋಗುವುದುಂಟು. ನೂರು ಕಿಲೋಮೀಟರ್ ಕಾಡಿನ ಜಾಡಿಗೆ ಯಂತ್ರದಿಂದ ಹಿಮ ಮಾಡುವುದು ಯಾರಿಗೂ ಸಾಧ್ಯವಿಲ್ಲ, ಆದ್ದರಿಂದ ಒಂದು ಚಿಕ್ಕ ಸುತ್ತಿಗೆ ಮಾತ್ರ ಕೃತಕ ಹಿಮದ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಉಳಿದಂತೆ ಆದಾಯವನ್ನು ವರ್ಷವಿಡೀ ಹರಡಿದ್ದಾರೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಾರ್ಚ್-ಏಪ್ರಿಲ್ ದಿನಗಳಲ್ಲಿ ಮೇಪಲ್ ಮರದ ರಸ ಇಳಿಸಿ ಕಾಯಿಸಿ ಸಿರಪ್ ಮಾಡುತ್ತಾರೆ. ಒಂದು ಗ್ಯಾಲನ್ ಸಿರಪ್ಪಿಗೆ ಸುಮಾರು ನಲವತ್ತು ಗ್ಯಾಲನ್ ರಸ ಬೇಕು. ಉದ್ದ ಕೂದಲಿನ ಹೈಲ್ಯಾಂಡ್ ತಳಿಯ ದನಗಳನ್ನು ಸಾಕಿದ್ದಾರೆ, ಬೇಸಿಗೆಯಲ್ಲಿ ಕಾಡಿನೊಳಗೆ ಮೌಂಟನ್ ಬೈಕಿನ ದಾರಿಗಳಿವೆ. 2010ರಲ್ಲಿ ಯೋಹಾನೆಸ್ ಆಸ್ಟ್ರಿಯಾ ಶೈಲಿಯ ಲಾಗರ್ ಬಿಯರ್ ತಯಾರಿಕೆಯನ್ನು ಸಣ್ಣದಾಗಿ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ಪ್ರತ್ಯೇಕ ಕಟ್ಟಡಕ್ಕೆ ಬೆಳೆದು, ಈಗ ಲಾಡ್ಜಿಗೆ ಬಾರದವರ ಕೈಗೂ ಕುಟುಂಬದ ಹೆಸರನ್ನು ತಲುಪಿಸುತ್ತಿದೆ.

ಅದೇ ಊರಿನ ಬೆಟ್ಟದ ಕಡೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೌಂಟ್ ಮ್ಯಾನ್ಸ್‌ಫೀಲ್ಡ್‌ನ ಸ್ಕೀ ಕೇಂದ್ರ ಬಹುಕಾಲ ಎಐಜಿ ವಿಮಾ ಸಂಸ್ಥೆಯ ಒಡೆತನದಲ್ಲಿದ್ದು, 2017ರಲ್ಲಿ ಕೊಲೊರಾಡೊದ ವೇಲ್ ರೆಸಾರ್ಟ್ಸ್ ಕಂಪನಿಯ ಕೈಸೇರಿತು. ಲಿಫ್ಟು ಮತ್ತು ಕೃತಕ ಹಿಮದ ಖರ್ಚು ಹೊರಲು ಈಗ ಅಷ್ಟು ದೊಡ್ಡ ಸಂಸ್ಥೆಗಳೇ ಬೇಕಾಗಿವೆ. ಆ ಖರ್ಚಿನ ಹಾದಿಗೆ ಕಾಲಿಡದೆ ಇದ್ದದ್ದರಿಂದಲೇ ಲೂಸ್ ಹಿಲ್‌ನ ಮೇಲೆ ಕುಟುಂಬವೊಂದು ಇನ್ನೂ ಯಜಮಾನಿಕೆ ಉಳಿಸಿಕೊಂಡಿದೆ.

ನಿಮ್ಮ ತೋಟದ ಮಾತಿಗೆ ಬಂದರೆ, ಅಲ್ಲಿನ ಹಿಮವನ್ನಾಗಲಿ ಹೆಸರನ್ನಾಗಲಿ ಇಲ್ಲಿಗೆ ತರಲಾಗದು, ಆದರೆ ಎರಡು ಸಂಗತಿಗಳನ್ನು ತರಬಹುದು. ಕೋಣೆಗಳ ಸಂಖ್ಯೆ ಹೆಚ್ಚಿಸುವ ಮೊದಲು, ಅತಿಥಿ ಇಡೀ ದಿನ ತೋಟದೊಳಗೇ ಏನು ಮಾಡಬಲ್ಲ ಎಂಬುದನ್ನು ಯೋಚಿಸಿ. ಮರದ ನೆರಳು ತೆಗೆಯದೆ ಮಾಡಬಹುದಾದ ಕೆಲಸವಾದರೆ ಕಾಫಿಗೂ ಒಳ್ಳೆಯದು. ಮತ್ತು ಮೂವರು ಮಕ್ಕಳಲ್ಲಿ ಯಾರು ನಡೆಸುವವರು, ಉಳಿದಿಬ್ಬರ ಪಾಲಿನ ಬೆಲೆಯನ್ನು ಯಾವ ಲೆಕ್ಕದಲ್ಲಿ, ಎಷ್ಟು ವರ್ಷಗಳ ಕಂತಿನಲ್ಲಿ ಕೊಡಬೇಕು ಎಂಬುದನ್ನು ನೀವು ಇಬ್ಬರೂ ಇರುವಾಗಲೇ, ಮೂವರನ್ನೂ ಕೂರಿಸಿಕೊಂಡು, ವಕೀಲರ ಮುಂದೆ ಬರೆಸಿಡಿ.